ಇಂಜಿನ್ ಬದಲಿಸು ಅಂದರು, ನಾನು ಟ್ಯೂಬ್ ತಂದೆ

ನನ್ನ ಮಿಯಾಟಾ ಮಾಜ್ಡಾದ ಪುಟ್ಟ ಕಾರು, ಟಾಪ್ ಮಡಚುವಂಥದ್ದು. ಅದರ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟು) ಮೂಗು ಸವೆದಿತ್ತು. ರಿಪೇರಿ ಮಾಡಿದ ಅದೇ ಹಳೇ ಕ್ರ್ಯಾಂಕ್‌ನಲ್ಲಿ ಈಗ ಹತ್ತಿರ ಹತ್ತಿರ 11,000 ಮೈಲಿ ಓಡಿದೆ. ಕಿಡಿ ಹಾರುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಗುರುತು ಇರಬೇಕಾದ 10 ಡಿಗ್ರಿಗೆ ಅಂಟಿಕೊಂಡು ನಿಂತಿರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಲ್ಲಿ ನ್ಯೂಜೆರ್ಸಿಯಲ್ಲಿ ನನಗೆ ಗೊತ್ತಿದ್ದ ಕಾರು ಹುಚ್ಚರೆಲ್ಲ "ಇಂಜಿನ್ ಇಳಿಸು, ಬೇರೆ ವಿಧಿಯಿಲ್ಲ" ಅಂದಿದ್ದರು.

ಕಾರು 1990ರದ್ದು. 1.6 ಇಂಜಿನ್, ಕೆಂಪು ಬಣ್ಣ, ಕಣ್ಣು ಎತ್ತುವ ಹೆಡ್‌ಲೈಟು. ತಗೊಂಡಾಗ ಕೊಟ್ಟಿದ್ದು 3,800 ಡಾಲರ್. ಚೌಕಾಸಿ ಮಾಡಿ ಇಳಿಸಿದೆ ಅಂತ ಆಗ ಬೀಗಿದ್ದೆ. ಮನೆಗೆ ತಂದ ಮೇಲೆ ಬಗ್ಗಿ ಕ್ರ್ಯಾಂಕಿನ ತುದಿಯ ಪುಲ್ಲಿ ನೋಡಿದೆ. ನಾಲ್ಕೇ ಸೀಳು ಕಾಣಿಸಿತು, ಎಂಟಿಲ್ಲ. ಅಂದರೆ ಮೊಂಡು ಮೂಗಿನ ಕ್ರ್ಯಾಂಕ್. 1991ರ ನಡುವಿನಲ್ಲಿ ಮೂಗು ಉದ್ದ ಮಾಡಿದರು, ಇದು ಅದಕ್ಕೂ ಮುಂಚಿನದು. ಈ ಕಾರು ಇಟ್ಟುಕೊಂಡವರಿಗೆ ಮುಂದಿನ ಕಥೆ ಗೊತ್ತಿರುತ್ತೆ, ಅಲ್ವಾ? ಮೊಂಡು ಮೂಗಿನಲ್ಲಿ ಪುಲ್ಲಿಯ ಹಿಡಿತ ಸಡಿಲವಾಗಿ ಸವೆಯುತ್ತೆ.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಪೆನ್ಸಿಲ್ವೇನಿಯಾ ಕಡೆಗೆ ಹೋಗುವ 78ನೇ ಹೆದ್ದಾರಿಯ ಏರಿನಲ್ಲಿ ಕಾರು ಏದುಸಿರು ಬಿಡಲು ಶುರು ಮಾಡಿತು. ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಮೂರಕ್ಕೆ ಇಳಿಸಿದರೂ ಹತ್ತದು. ಪ್ಲಗ್, ವೈರು, ಫ್ಯೂಯಲ್ ಫಿಲ್ಟರ್ ಎಲ್ಲ ಬದಲಿಸಿದೆ. 140 ಡಾಲರ್ ಸುಮ್ನೆ ಹೋಯಿತು. ಕೊನೆಗೆ ಟೆಸ್ಟ್ ಡಬ್ಬಿಯ ಟೆನ್ನು, ಗ್ರೌಂಡು ಪಿನ್ನು ಜೋಡಿಸಿ ಟೈಮಿಂಗ್ ಲೈಟ್ ಹಿಡಿದೆ. ಗುರುತು ಇರಬೇಕಾದ ಕಡೆ ಇಲ್ಲ. ಒಂದು ಸಲ ನಾಲ್ಕು, ಮತ್ತೊಂದು ಸಲ ಆರು. ಲೈಟಿನ ಮಿಂಚಿನಲ್ಲಿ ಪುಲ್ಲಿ ಕುಡುಕನ ಹಾಗೆ ಓಲಾಡುತ್ತಿತ್ತು.

ಬಿಚ್ಚಿದಾಗ ಬೋಲ್ಟ್ ಹತ್ತಿರ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ. ಪುಲ್ಲಿ, ಗೇರನ್ನು ಕ್ರ್ಯಾಂಕಿಗೆ ಕಚ್ಚಿಸುವ ಉಕ್ಕಿನ ತುಂಡು, ಅಂದರೆ ಕೀ, ಒಂದು ಪಕ್ಕ ಸವೆದು ಮೆಟ್ಟಿಲಿನ ಹಾಗಾಗಿತ್ತು. ಇದಕ್ಕೆ ಮುಂಚೆ ಟೈಮಿಂಗ್ ಬೆಲ್ಟ್ ಬದಲಿಸಿದ ಯಾರೋ ಪುಣ್ಯಾತ್ಮ ಹಳೇ ಬೋಲ್ಟನ್ನೇ ಅರ್ಧಂಬರ್ಧ ಬಿಗಿದು ಕೈ ತೊಳೆದುಕೊಂಡಿದ್ದ ಅಂತ ಕಾಣುತ್ತೆ. ಕ್ರ್ಯಾಂಕಿನಲ್ಲಿ ಕೀ ಕೂರುವ ತೋಡಿನ ಬಾಯಿ ಕೂಡ ಅಗಲವಾಗಿತ್ತು. ಹೊಸ ಕೀ ಇಟ್ಟರೆ ಆರು ವರ್ಷದ ಮಗುವಿನ ಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಊರಿನ ಗ್ಯಾರೇಜಿನವನು ಕ್ರ್ಯಾಂಕ್ ಬದಲಿಸಲು 3,500 ಕೇಳಿದ. ಕಾರಿನ ಬೆಲೆಯೇ ಅಷ್ಟು!

ದಾವಣಗೆರೆಯಲ್ಲಿರುವ ಅಪ್ಪಾಜಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಮನುಷ್ಯ. "ಚಾವಿ ಲೂಸ್ ಆಗೇತಿ ನೋಡಪಾ. ನಮ್ಮ ಗಿರಣಿ ಪುಲ್ಲಿಗೂ ಹಿಂಗೇ ಆಗ್ತಿತ್ತು. ಬ್ಲೇಡ್ ತುಂಡು ಇಟ್ಟು ಬಡಿ" ಅಂದರು. ಇಟ್ಟೆ. ಎರಡು ಪದರ ಶೇವಿಂಗ್ ಬ್ಲೇಡ್ ಇಟ್ಟು ಬಡಿದೆ. ಮೊದಲ ದಿನ ಕಾರು ಹಾರಿತು. ಸುಮಾರು 300 ಮೈಲಿಗೆ ಮತ್ತೆ ಅದೇ ಏದುಸಿರು. ಬಿಚ್ಚಿದರೆ ಬ್ಲೇಡ್ ಚೂರು ಚೂರಾಗಿತ್ತು. ಈ ಇಂಜಿನ್‌ನಲ್ಲಿ ಬೆಲ್ಟ್ ಹೋದರೂ ವಾಲ್ವು ಪಿಸ್ಟನ್ನಿಗೆ ತಾಗಲ್ಲ, ಅದೊಂದೇ ಧೈರ್ಯ.

ಆಗ ಲಾಕ್‌ಟೈಟ್ 660 ತಂದೆ. ಸವೆದ ಶಾಫ್ಟಿನ ಸಂದು ತುಂಬುವ ಬೆಳ್ಳಿ ಬಣ್ಣದ ಪೇಸ್ಟ್, ಟ್ಯೂಬಿಗೆ ಆಗ ಸುಮಾರು 30 ಡಾಲರ್. ಇದನ್ನು ಕಂಡುಹಿಡಿದವನು ನಾನಲ್ಲ, ಮಿಯಾಟಾ ಇಟ್ಟುಕೊಂಡವರಲ್ಲಿ ಹಳೇ ವಿದ್ಯೆ. ಆದರೆ ಮಾಡಿ ಕೈ ಸುಟ್ಟುಕೊಂಡವರೂ ಜಾಸ್ತಿ. ಹಾಸನದ ಗೆಳೆಯ ಒಬ್ಬ "ಗುರೂ, ಗೋಂದು ಹಚ್ಚಿ ಕ್ರ್ಯಾಂಕ್ ರಿಪೇರಿ ಮಾಡ್ತೀಯಾ?" ಅಂತ ನಕ್ಕ. ಅವತ್ತಿನಿಂದ ನನ್ನ ಹೆಸರು ಗೋಂದು ಇಂಜಿನಿಯರ್.

ಮೊದಲ ಸಲ ಅವನೇ ಗೆದ್ದ. ಡಿಸೆಂಬರ್, ಗ್ಯಾರೇಜಿನಲ್ಲಿ ಕೈ ಮರಗಟ್ಟುವ ಚಳಿ. ರಾತ್ರಿ ಹಚ್ಚಿ ಬೆಳಗ್ಗೆ ಸ್ಟಾರ್ಟ್ ಮಾಡಿಬಿಟ್ಟೆ. ಎರಡೇ ವಾರಕ್ಕೆ ಗುರುತು ಮತ್ತೆ ಕದಲಿತು. ಬಿಚ್ಚಿದರೆ ಪೇಸ್ಟ್ ಒಳಗೆ ಮೊಸರಿನ ಹಾಗೆ ಮೆತ್ತಗಿತ್ತು. ಚಳಿ ಒಂದು ಕಾರಣ. ಮುಂದಿನ ಆಯಿಲ್ ಸೀಲು ಸೋರುತ್ತಿದ್ದದ್ದು ಇನ್ನೊಂದು, ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಎಣ್ಣೆ ಪಸೆ ಮೇಲೆ ಯಾವ ಪೇಸ್ಟ್ ಹಿಡಿಯುತ್ತೆ?

ಮೇ ತಿಂಗಳಲ್ಲಿ ಮತ್ತೆ ಕೂತೆ. ರೇಡಿಯೇಟರ್ ಇಳಿಸಿದೆ. ಅದರ ಪ್ಲಾಸ್ಟಿಕ್ ತಲೆ ಕಂದು ತಿರುಗಿತ್ತು, ಅಂದರೆ ಒಡೆಯುವ ಕಾಲ ಬಂದಿದೆ ಅಂತ. ಹೊಸದು ಹಾಕಿದೆ, 110 ಡಾಲರ್. ಸೀಲು ಹೊಸದು. ಕೀ, ಗೇರು, ಪುಲ್ಲಿ ಕೂರುವ ಬಾಸು, ಬೋಲ್ಟ್ ಹೊಸವು, ಎಲ್ಲ ಸೇರಿ 130 ಆಸುಪಾಸು. ಬಿಚ್ಚಿದ್ದೇ ಆಯ್ತಲ್ಲ ಅಂತ ಬೆಲ್ಟು, ವಾಟರ್ ಪಂಪು ಕೂಡ. ಆಮೇಲೆ ತೊಳೆಯುವ ಕೆಲಸ. ಬ್ರೇಕ್ ಕ್ಲೀನರ್ ಹೊಡೆದು ಬಿಳಿ ಟಿಶ್ಯೂನಲ್ಲಿ ಒರೆಸಿದೆ, ಕಪ್ಪು ಬಂತು. ಮತ್ತೆ ಒರೆಸಿದೆ, ಬೂದು ಬಂತು. ತೋಡಿನ ಮೂಲೆಗೆ ಹಲ್ಲುಕಡ್ಡಿಗೆ ಬಟ್ಟೆ ಸುತ್ತಿ ಹಾಕಿ ಉಜ್ಜಿದೆ. ಟಿಶ್ಯೂ ಬಿಳಿಯಾಗಿಯೇ ಹೊರಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ಕೆಲಸದ ಮುಕ್ಕಾಲು ಪಾಲು ಇದೇ.

ಪ್ರೈಮರ್ ಹೊಡೆದ ಮೇಲೆ ಪೇಸ್ಟ್ ಬೇಗ ಹಿಡಿಯುತ್ತೆ, ಯೋಚನೆಗೆ ಸಮಯ ಇಲ್ಲ. ಹಾಗಾಗಿ ಪೇಸ್ಟ್ ಇಲ್ಲದೆ ಮೂರು ಸಲ ಜೋಡಿಸಿ ಅಭ್ಯಾಸ ಮಾಡಿಕೊಂಡೆ. ಪೇಸ್ಟ್ ಗಟ್ಟಿಯಾಗುವ ತನಕ ಕೀಯನ್ನು ಓಡುವ ದಿಕ್ಕಿಗೆ ಒತ್ತಿ ಹಿಡಿದಿರಬೇಕು. ಅದನ್ನು ಹೇಗೆ ಹಿಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎರಡು ಚಳಿಗಾಲ ಕಳೆದು ಕಲಿತದ್ದು, ಸುಮ್ನೆ ಕೊಡೋಕಾಗುತ್ತಾ? ಬೋಲ್ಟನ್ನು ಪುಸ್ತಕದಲ್ಲಿ ಇದ್ದಷ್ಟೇ ಬಿಗಿದೆ, 80ರ ಮೇಲೆ ಸ್ವಲ್ಪ ಫುಟ್‌ಪೌಂಡ್. ಹೆಚ್ಚು ಬಿಗಿದರೆ ಒಳ್ಳೆಯದು ಅಂದುಕೊಂಡು ಬೋಲ್ಟ್ ಮುರಿದವರಿದ್ದಾರೆ. 24 ಗಂಟೆ ಸಾಕು ಅನ್ನುತ್ತಾರೆ. ನಾನು ಎರಡು ದಿನ ಬಿಟ್ಟೆ. ಕೀಲಿಕೈಯನ್ನು ಹೆಂಡತಿ ಕೈಗೆ ಕೊಟ್ಟಿದ್ದೆ.

ತೋಡಿನ ಸವೆತ ಅರ್ಧ ಮಿಲಿಮೀಟರ್ ದಾಟಿದ್ದರೆ ಈ ಆಟಕ್ಕೆ ಹೋಗಬೇಡಿ. ನನ್ನದು ಅದಕ್ಕಿಂತ ಸ್ವಲ್ಪ ಕಡಿಮೆ ಇತ್ತು.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಬೆಳಗಿನ ಹೊತ್ತು ಇಂಜಿನ್ನಿನ ವಾಲ್ವು ಲಿಫ್ಟರ್ ಮಾಡುವ ಟಕಟಕಕ್ಕೆ ನಾಲ್ಕು ಥರದ ಆಯಿಲ್ ಹಾಕಿದೆ. ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸಿದರೆ ತಾನೇ ಸುಮ್ಮನಾಗುತ್ತೆ ಅಂತ ಗೊತ್ತಾಗಲು 160 ಡಾಲರ್ ಬೇಕಾಯಿತು. ಹಳದಿಗಟ್ಟಿದ ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಟೂತ್‌ಪೇಸ್ಟ್ ಉಜ್ಜಿದೆ. ಬೆಳ್ಳಗಾಯಿತು, ಆದರೆ ಆಚೆ ಏನೂ ಕಾಣಿಸದ ಬಿಳುಪು. ಕ್ಲಚ್ ಸ್ಲೇವ್ ಸಿಲಿಂಡರ್ ಎರಡು ಸಲ ಹೋಯಿತು, ಅದು ಈ ಕಾರಿಗೆ ನೆಗಡಿ ಇದ್ದ ಹಾಗೆ.

ನಿಜವಾಗಿ ದುಡ್ಡು ತಿಂದದ್ದು ತುಕ್ಕು. ಸೀಟಿನ ಹಿಂದೆ ಮಡಚುವ ಟಾಪಿನ ನೀರು ಇಳಿಯುವ ತೂತು ಕಟ್ಟಿಕೊಂಡಿತ್ತು. ಹುಲ್ಲು ಕತ್ತರಿಸುವ ಮೆಷಿನ್ನಿನ ದಾರ ತೂರಿಸಿದೆ. ಪೈನ್ ಎಲೆ, ಕೆಸರು, ಒಂದು ಚೊಂಬು ಕಪ್ಪು ನೀರು ಬಂತು. ಅಷ್ಟರಲ್ಲಿ ಬಾಗಿಲ ಕೆಳಗಿನ ತಗಡು ಹಪ್ಪಳವಾಗಿತ್ತು. ವೆಲ್ಡಿಂಗಿಗೆ 1,400. ಟೂತ್‌ಪೇಸ್ಟ್ ಪ್ರಯೋಗದ ಪುಣ್ಯದಿಂದ ಹೊಸ ಟಾಪಿಗೆ 600. ಹೆಂಡತಿಯ ಲೆಕ್ಕದಲ್ಲಿ ಕಾರಿನ ಬೆಲೆ ಸೇರಿ ಒಟ್ಟು 9,000 ದಾಟಿದೆ. ನನ್ನ ಲೆಕ್ಕದಲ್ಲಿ 8,000. ಟೈರನ್ನು ನಾನು ಸೇರಿಸಲ್ಲ.

ಹೋದ ಸಲ ಊರಿಗೆ ಹೋದಾಗ ಆ ಸವೆದ ಕೀಯನ್ನು ಅಪ್ಪಾಜಿಗೆ ಕೊಟ್ಟೆ. ಕನ್ನಡಕ ಏರಿಸಿ, ಸವೆದ ಮೆಟ್ಟಿಲಿನ ಮೇಲೆ ಉಗುರು ಆಡಿಸಿದರು. 11,000 ಮೈಲಿಯ ಕಥೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: "ನೀನು ಬ್ಲೇಡ್ ಸರಿಯಾಗಿ ಇಟ್ಟಿಲ್ಲ ಬಿಡು."