ಸಿಂಗಳೀಕ ನೋಡಲು ಬರುವವರಿಗೆ

ಬಾಳೆಹಣ್ಣು ತಂದಿದ್ದರೆ ನೀವೇ ತಿಂದುಬಿಡಿ. ಸಿಂಗಳೀಕವೆಂಬ ಕಪ್ಪು ಮಂಗವನ್ನು ನೋಡಬೇಕೆಂದು ಶಿವಮೊಗ್ಗ ಜಿಲ್ಲೆಯ ಕಾರ್ಗಲ್ ಕಡೆಗೆ ಬರುವ ನೆಂಟರಿಗೆ ನಾನು ಮೊದಲು ಹೇಳುವುದು ಇದನ್ನೇ.

ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಆದರೆ ಕೆಲಸವೆಲ್ಲ ಕಿವಿಯದು. ಬೆಳಗಿನ ಹೊತ್ತು ಶರಾವತಿ ಕಣಿವೆಯ ರಸ್ತೆಯಲ್ಲಿ, ತಿರುವಿಲ್ಲದ ಕಡೆ ವಾಹನವನ್ನು ಅಂಚಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ, ಇಡುವ ಅಗತ್ಯವೂ ಇಲ್ಲ. ಗಾಳಿಯಿಲ್ಲದೆ ಕೊಂಬೆ ಅಲುಗಿತೇ, ಕಚ್ಚಿದ ಹಣ್ಣು ತೊಪ್ಪನೆ ಬಿದ್ದಿತೇ, ಅಲ್ಲಿ ತಲೆಯೆತ್ತಿ.

ಬಹಳಷ್ಟು ಜನ ಮುಸುವವನ್ನು ನೋಡಿ ಸಿಂಗಳೀಕ ಕಂಡೆವೆಂದು ಹಿಗ್ಗಿ ಹೋಗುತ್ತಾರೆ. ಮುಸುವದ ಮುಖವೂ ಕಪ್ಪೇ. ಆದರೆ ಮೈ ಬೂದು, ಬಾಲ ಮೈಗಿಂತ ಉದ್ದ. ಸಿಂಗಳೀಕದ ಮೈಯೆಲ್ಲ ಕಪ್ಪು, ಮುಖದ ಸುತ್ತ ನರೆತ ಕೇಸರ, ಬಾಲ ಗಿಡ್ಡ, ತುದಿಯಲ್ಲಿ ಕುಚ್ಚು. ಬಿಸಿಲು ಎದುರಿಗಿದ್ದಾಗ ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ, ಆಗ ಬಾಲವನ್ನಷ್ಟೇ ನಂಬಿ. ಎಳೆಯ ಮರಿಗೆ ಕೇಸರ ಹುಡುಕಬೇಡಿ, ಅದು ಆಮೇಲೆ ಬರುವಂಥದ್ದು.

ಹಣ್ಣಿನ ವಿಷಯಕ್ಕೆ ಬರುತ್ತೇನೆ. ಮರದಿಂದ ಮರಕ್ಕೆ ದಾಟುತ್ತಲೇ ಬಾಳುವ ಪ್ರಾಣಿ ಇದು. ನಿಮ್ಮ ಬಿಸ್ಕತ್ತಿನ ರುಚಿ ಹತ್ತಿದರೆ ಡಾಂಬರಿಗೆ ಇಳಿಯುತ್ತದೆ, ಲಾರಿಗೆ ಸಿಗುತ್ತದೆ. ಹೆಣ್ಣು ಮೊದಲ ಸಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಸುಮಾರು 6 ವರ್ಷ ತುಂಬಿರುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ, ಮುಂದಿನದಕ್ಕೆ ಮತ್ತೆ ಎರಡು ಮೂರು ವರ್ಷ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇವು ಇಲ್ಲ; ಎಲ್ಲವನ್ನೂ ಕೂಡಿಸಿದರೂ ಸುಮಾರು 4,000ದ ಒಳಗೇ. ಒಂದು ತಾಯಿ ಚಕ್ರಕ್ಕೆ ಸಿಕ್ಕರೆ ಲೆಕ್ಕ ನೀವೇ ಹಾಕಿ. 2019ರಲ್ಲಿ ಶರಾವತಿ ಅಭಯಾರಣ್ಯವನ್ನು ಸಿಂಗಳೀಕದ ಹೆಸರಿನಲ್ಲೇ ಹಿಗ್ಗಿಸಿದರು, ಸಂತೋಷ. ಕಿಟಕಿಯಿಂದ ಚಾಚುವ ಕೈಯನ್ನು ಯಾವ ಅಧಿಸೂಚನೆ ತಡೆದೀತು?

ನಮ್ಮವರಿಗೂ ಒಂದು ಮಾತು. ಮಳೆಗಾಲದ ಉಪ್ಪಾಗೆ, ಅಂದರೆ ಕಾಡಿನ ಹುಳಿಹಣ್ಣು, ನಮಗೆ ದುಡ್ಡು, ಸಿಂಗಳೀಕಕ್ಕೆ ಊಟ. ಪಕ್ಕದವನು ಕೊಯ್ದಾನೆಂದು ಬಲಿಯುವ ಮೊದಲೇ ಬಡಿಯಬೇಡಿ, ಕೊಂಬೆ ಕಡಿಯಲೇಬೇಡಿ. ಮಾಗಿ ಬಿದ್ದದ್ದನ್ನು ಆರಿಸಿ, ಮೇಲಿನದನ್ನು ಬಿಡಿ. ವಿದ್ಯುತ್ ತಂತಿಗೆಂದು ಮರ ಸವರಲು ಬಂದವರಿಗೆ, ರಸ್ತೆಯ ಮೇಲೆ ಕೊಂಬೆ ಕೂಡಿರುವ ಜಾಗಗಳನ್ನು ಮೊದಲೇ ತೋರಿಸಿ, ಉಳಿಸುವ ದಾರಿ ಕೇಳಿ.

ಸತ್ತ ಮಂಗ ಕಂಡರೆ, ಅದು ಯಾವ ಜಾತಿಯದೇ ಇರಲಿ, ಹತ್ತಿರ ಹೋಗಬೇಡಿ, ಫೋಟೊ ತೆಗೆಯಲೂ ಬೇಡ. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹೆಣದಿಂದ ಉದುರಿದ ಉಣ್ಣೆಗಳು ಅಲ್ಲೇ ಸುತ್ತಮುತ್ತ ಕಾಯುತ್ತಿರುತ್ತವೆ. ಜಾಗ ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಿ.