ಹಿರಿಯ ಗ್ರಾಹಕರ ಕೈ ಎಲ್ಲಿ ಆಸರೆ ಹುಡುಕುತ್ತದೆ, ನೋಡಿ

ವಯಸ್ಸಾದ ಗ್ರಾಹಕರಲ್ಲಿ ಹೆಚ್ಚಿನವರು ದೂರು ಹೇಳುವುದಿಲ್ಲ. ಬೇಕಾದ್ದರಲ್ಲಿ ಅರ್ಧ ಕೊಂಡು ಹೊರಡುತ್ತಾರೆ, ಮತ್ತೆ ಬರುವುದಿಲ್ಲ. ಹಾಗಾಗಿ ಅಂಗಡಿಯನ್ನು ಅವರಿಗೆ ಒಗ್ಗಿಸುವಾಗ ನಾನು ಅಭಿಪ್ರಾಯದ ಚೀಟಿಗಳನ್ನು ನಂಬಿ ಕೂರುವುದಿಲ್ಲ. ಕೈ ಎಲ್ಲಿ ಆಸರೆ ಹುಡುಕುತ್ತದೆ, ಹೆಜ್ಜೆ ಎಲ್ಲಿ ತಡೆಯುತ್ತದೆ ಎಂದು ನೋಡುತ್ತೇನೆ. ಕಪಾಟಿನ ಅಂಚು ಹಿಡಿದು ನಿಂತರೆ ಅಲ್ಲಿಗೆ ಕುರ್ಚಿ ಬೇಕು. ಬೆಲೆಚೀಟಿಯ ಮುಂದೆ ತಲೆ ಹಿಂದೆಮುಂದೆ ಆಡಿದರೆ ಅಕ್ಷರ ಸಾಲದು.

ಮೊದಲ ಕೆಲಸ ಕುರ್ಚಿಯದು. ಸೀಟು ನೆಲದಿಂದ 45ರಿಂದ 50 ಸೆಂ.ಮೀ. ಎತ್ತರದಲ್ಲಿ ಗಟ್ಟಿಯಾಗಿರಲಿ, ಎರಡೂ ಕಡೆ ಕೈಯಾನಿಕೆ ಇರಲಿ. ತಗ್ಗಿನ ಮೆತ್ತನೆ ಸೋಫಾದಲ್ಲಿ ಮಂಡಿನೋವಿನವರು ಕೂರುವುದೇ ಇಲ್ಲ. ಏಳುವುದು ಹೇಗೆಂಬ ಯೋಚನೆ ಕೂರುವ ಮೊದಲೇ ಬಂದಿರುತ್ತದೆ. ಬಾಗಿಲ ಮೂಲೆಯ ಒಂದು ಕುರ್ಚಿ ಸಾಲದು. ಸರಕು ಕಾಣುವಂತೆ ನಡುವೆ ಒಂದು, ಬಿಲ್ ಕೌಂಟರಿನ ಬಳಿ ಒಂದು ಇಡಿ. ‘ವೃದ್ಧರಿಗಾಗಿ’ ಎಂಬ ಫಲಕ ಮಾತ್ರ ಬೇಡ. ಆ ಹೆಸರು ಹೊತ್ತು ಕೂರಲು ಎಷ್ಟೋ ಜನರಿಗೆ ಮನಸ್ಸಿಲ್ಲ.

ಬೆಳಕಿನ ವಿಷಯ ಸೂಕ್ಷ್ಮ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರವರಿಗೆ ಹೋಲಿಸಿದರೆ ಅರವತ್ತರವರ ಅಕ್ಷಿಪಟಲ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ) ಮುಟ್ಟುವ ಬೆಳಕು ಸುಮಾರು ಮೂರರಲ್ಲೊಂದು ಪಾಲು. ಹಾಗೆಂದು ಪ್ರಖರ ಬಲ್ಬ್ ಹಾಕಿದರೆ ಕಣ್ಣು ಕುಕ್ಕುತ್ತದೆ, ಹೊಳೆಯುವ ಟೈಲ್ಸ್ ಒದ್ದೆ ನೆಲದಂತೆ ಕಂಡು ಹೆಜ್ಜೆ ಹಿಂಜರಿಯುತ್ತದೆ. ದೀಪಕ್ಕೆ ಬೆಳಕನ್ನು ಹರಡುವ ಮುಸುಕು (ಡಿಫ್ಯೂಸರ್), ನೆಲಕ್ಕೆ ಹೊಳಪಿಲ್ಲದ ಮ್ಯಾಟ್ ಫಿನಿಶ್ ಮಾಡಿಸಿ. ಬೆಲೆಚೀಟಿಯ ಅಕ್ಷರ ಕನಿಷ್ಠ 18 ಪಾಯಿಂಟ್, ಬಿಳಿಯ ಮೇಲೆ ಕಪ್ಪು; ಹೊಳಪಿನ ಲ್ಯಾಮಿನೇಶನ್ ಬೇಡ. ವಿಭಾಗಗಳನ್ನು ಬರೀ ನೀಲಿ-ಹಸಿರಿನಿಂದ ಗುರುತಿಸಿದರೆ ಹಳದಿಗಟ್ಟಿದ ಮಸೂರಕ್ಕೆ ಅವೆರಡರ ನಡುವಿನ ವ್ಯತ್ಯಾಸ ಮಸುಕಾಗುತ್ತದೆ.

ಕಪಾಟುಗಳ ನಡುವಿನ ಓಣಿಯ ಅಗಲ 120 ಸೆಂ.ಮೀ., ಗಾಲಿಕುರ್ಚಿ ತಿರುಗುವಲ್ಲಿ 150, ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಹೆಚ್ಚು ಖರ್ಚಾಗುವ ಸರಕು ಮಂಡಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ. ಅಂಚು ಮಡಚಿದ ಕಾಲೊರಸು ಕಂಡರೆ ಆ ಕ್ಷಣವೇ ತೆಗೆಯಿರಿ.

ಇಷ್ಟೆಲ್ಲ ಮಾಡಿಯೂ ಸೋಲುವುದು ಮಾತಿನಲ್ಲಿ. ಹಿರಿಯರು ಪ್ರಶ್ನೆ ಕೇಳುತ್ತಾರೆ, ಸಿಬ್ಬಂದಿ ಉತ್ತರವನ್ನು ಜೊತೆಗೆ ಬಂದ ಮಗಳಿಗೆ ಹೇಳುತ್ತಾರೆ. ಇದಕ್ಕಿಂತ ದೊಡ್ಡ ಅವಮಾನ ಅಂಗಡಿಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕೇಳಿದವರ ಮುಖ ನೋಡಿಯೇ ಉತ್ತರಿಸಬೇಕು. ಕೂಗುವುದೂ ಬೇಡ: ಮೊದಲು ಕುಗ್ಗುವುದು ಹೆಚ್ಚಿನ ಕಂಪನದ ಧ್ವನಿಗಳ ಗ್ರಹಣ, ಅಂದರೆ ‘ಸ’, ‘ಫ’ದಂಥ ವ್ಯಂಜನಗಳು. ಕೂಗಿದರೆ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಬರುವುದಿಲ್ಲ. ಹಿನ್ನೆಲೆ ಸಂಗೀತ ನಿಲ್ಲಿಸಿ ನಿಧಾನವಾಗಿ ಮಾತಾಡಿದರೆ ಸಾಕು.

ಕೌಂಟರಿನಲ್ಲಿ ಚಿಲ್ಲರೆ ಪರ್ಸಿಗೆ ಸೇರುವ ತನಕ ಮುಂದಿನವರನ್ನು ಕರೆಯಬೇಡಿ. ಅವಸರವಾದರೆ ಎಣಿಸದೆ ಹೊರಡುತ್ತಾರೆ. ಮನೆಯಲ್ಲಿ ಲೆಕ್ಕ ತಪ್ಪಿದಾಗ ಮರೆತದ್ದು ತಾವೋ, ಕಡಿಮೆ ಕೊಟ್ಟದ್ದು ಅಂಗಡಿಯವರೋ ಎಂಬ ಸಂಶಯ ಉಳಿದು, ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ.