ಕೈ ಕೀಲಿಮಣೆಯಲ್ಲೇ ಉಳಿಯಲಿ: ಶಾರ್ಟ್‌ಕಟ್‌ಗಳನ್ನು ನಾನು ರೂಢಿಸಿಕೊಂಡ ಬಗೆ

ಕೀಬೋರ್ಡ್ ಶಾರ್ಟ್‌ಕಟ್‌ಗಳ ಪಟ್ಟಿಗಳಿಗೆ ಬರವಿಲ್ಲ. ಅಂಥ ಪಟ್ಟಿಯನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡವರನ್ನು ಬಲ್ಲೆ, ಅದನ್ನು ನೋಡಿ ಕಲಿತವರನ್ನು ಮಾತ್ರ ಕಂಡಿಲ್ಲ. ದಿನವಿಡೀ ಪತ್ರ, ವರದಿ, ಲೆಕ್ಕದ ಹಾಳೆಗಳ ನಡುವೆಯೇ ಕೆಲಸ ಮಾಡುವ ನಾನು ಪಟ್ಟಿಯ ಗೊಡವೆಗೆ ಹೋಗದೆ, ನನ್ನ ಬಲಗೈ ಯಾವ ಯಾವ ಕೆಲಸಕ್ಕೆ ಕೀಲಿಮಣೆ ಬಿಟ್ಟು ಮೌಸ್ ಹಿಡಿಯುತ್ತದೆ ಎಂಬುದನ್ನಷ್ಟೇ ಗಮನಿಸತೊಡಗಿದೆ. ಯಾವ ಕೆಲಸಕ್ಕೆ ಪದೇ ಪದೇ ಹೋಗುತ್ತದೋ ಅದಕ್ಕೊಂದು ಕೀಲಿ ಹುಡುಕುವುದು, ಅದು ಬೆರಳಿಗೆ ಒಗ್ಗುವವರೆಗೆ ಇನ್ನೊಂದನ್ನು ಕಲಿಯಲು ಹೊರಡದಿರುವುದು, ಇಷ್ಟೇ ನನ್ನ ಕ್ರಮ. ಕೀಲಿಯನ್ನು ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಬಹಳಷ್ಟು ತಂತ್ರಾಂಶಗಳಲ್ಲಿ ಮೆನುವಿನ ಆಯ್ಕೆಯ ಬಲಬದಿಯಲ್ಲೇ ಅದರ ಕೀಲಿಯನ್ನೂ ನಮೂದಿಸಿರುತ್ತಾರೆ. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ವಿಂಡೋಸ್ ಬಳಸುವವರಿಗೆ.

ಹೀಗೆ ಗಮನಿಸಿದಾಗ ಮೊದಲು ಎದ್ದು ಕಂಡದ್ದು ಪಠ್ಯವನ್ನು ಆರಿಸುವ ಕೆಲಸ. ಕಂಟ್ರೋಲ್+ಸಿ, ಕಂಟ್ರೋಲ್+ವಿ ಗೊತ್ತಿಲ್ಲದವರು ಕಡಿಮೆ, ಆದರೆ ನಕಲು ಮಾಡಬೇಕಾದ ಸಾಲನ್ನು ಬಹುತೇಕ ಎಲ್ಲರೂ ಮೌಸ್ ಎಳೆದೇ ಆರಿಸುತ್ತಾರೆ. ಇದಕ್ಕೆ ಚರಿತ್ರೆಯಲ್ಲೂ ಕಾರಣವಿದೆ. ಕಟ್, ಕಾಪಿ, ಪೇಸ್ಟ್ ಎಂಬ ಕ್ರಮವನ್ನು 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅವರು ಮೌಸ್ ಇದ್ದ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತಿದ್ದರು. ಮುಂದೆ ಈ ಕೆಲಸಗಳಿಗೂ ಮಾಡಿದ್ದನ್ನು ರದ್ದುಗೊಳಿಸುವುದಕ್ಕೂ ಗೊತ್ತಾದ ಎಕ್ಸ್, ಸಿ, ವಿ, ಝಡ್ ಕೀಲಿಗಳು ಕೆಳಸಾಲಿನಲ್ಲಿ ಒಂದರ ಪಕ್ಕ ಒಂದಿದ್ದು, ಬಲಗೈ ಮೌಸ್ ಮೇಲಿದ್ದಾಗ ಎಡಗೈಯೊಂದರಿಂದಲೇ ಒತ್ತಲು ಬರುವಂತಿವೆ. ಚಿತ್ರ ತಿದ್ದುವವರಿಗೆ ಇದು ಸರಿಯಾದ ಏರ್ಪಾಡು. ಬರೆಯುವವರಿಗೆ ಇದು ಅರ್ಧ ಕೆಲಸ ಮಾತ್ರ, ಉಳಿದರ್ಧ ಬಾಣದ ಕೀಲಿಗಳಲ್ಲಿದೆ.

ಬಾಣದ ಕೀಲಿ ಕರ್ಸರನ್ನು ಒಂದೊಂದೇ ಅಕ್ಷರ ಸರಿಸುತ್ತದೆ. ಕಂಟ್ರೋಲ್ ಹಿಡಿದು ಒತ್ತಿದರೆ ಒಂದೊಂದೇ ಪದ ದಾಟಿಸುತ್ತದೆ. ಹೋಮ್ ಸಾಲಿನ ಮೊದಲಿಗೂ ಎಂಡ್ ಸಾಲಿನ ಕೊನೆಗೂ ಒಯ್ಯುತ್ತವೆ, ಇವುಗಳೊಡನೆ ಕಂಟ್ರೋಲ್ ಸೇರಿದರೆ ಇಡೀ ಕಡತದ ಮೊದಲಿಗೆ ಅಥವಾ ಕೊನೆಗೆ ಹೋಗಬಹುದು. ಈ ಯಾವ ಚಲನೆಗೇ ಆಗಲಿ ಶಿಫ್ಟ್ ಸೇರಿಸಿದರೆ ಕರ್ಸರ್ ದಾಟಿದಷ್ಟು ಪಠ್ಯ ಆರಿಸಲ್ಪಡುತ್ತದೆ. ‘ಸಭೆಯು ಸೋಮವಾರ ಬೆಳಿಗ್ಗೆ ನಡೆಯಲಿದೆ’ ಎಂದು ಬರೆದು ನಿಲ್ಲಿಸಿದ ಮೇಲೆ ಸಭೆ ಮಂಗಳವಾರಕ್ಕೆ ಹೋಯಿತೆಂದುಕೊಳ್ಳಿ. ಕಂಟ್ರೋಲ್ ಹಿಡಿದು ಎಡಬಾಣವನ್ನು ಮೂರು ಸಲ ಒತ್ತಿದರೆ ಕರ್ಸರ್ ‘ಸೋಮವಾರ’ದ ಎಡಬದಿಗೆ ಬಂದು ನಿಲ್ಲುತ್ತದೆ, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಬಲಬಾಣವನ್ನು ಒಮ್ಮೆ ಒತ್ತಿದರೆ ಆ ಪದ ತನ್ನ ಬಲಬದಿಯ ತೆರಪಿನ ಸಮೇತ ಆಯ್ಕೆಯಾಗುತ್ತದೆ, ‘ಮಂಗಳವಾರ’ ಎಂದು ಟೈಪಿಸಿ, ತೆರಪು ಕೊಟ್ಟು, ಎಂಡ್ ಒತ್ತಿದರೆ ಬಿಟ್ಟ ಜಾಗಕ್ಕೇ ಮರಳುತ್ತೇವೆ. ಓದುವಾಗ ಉದ್ದವೆನಿಸುವ ಈ ಕ್ರಿಯೆ ಬೆರಳಿಗೆ ಬಂದ ಮೇಲೆ ಉಸಿರಾಟದಷ್ಟು ಸಲೀಸು, ಬರೆಯುತ್ತಿದ್ದ ವಾಕ್ಯದ ಎಳೆಯೂ ತಪ್ಪುವುದಿಲ್ಲ. ಎಡಗೈಯ ಕಿರುಬೆರಳಿಗೆ ಕಂಟ್ರೋಲ್, ಬಲಗೈಗೆ ಬಾಣಗಳು ಎಂದು ಆರಂಭದಲ್ಲೇ ಹಂಚಿಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ ಟೈಪ್ ಮಾಡುವವರು ಅಳಿಸುವ ಕೀಲಿಗಳೆರಡರ ವ್ಯತ್ಯಾಸವನ್ನು ತಿಳಿದಿರಲೇಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ‘ಸ್ತ್ರೀ’ ಎಂಬುದು ಆರು ಸಂಕೇತಗಳ ಸರಣಿ: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಅದರ ಎಡಬದಿಗೆ ಕರ್ಸರ್ ಇಟ್ಟು ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಇಡೀ ಅಕ್ಷರ ಒಮ್ಮೆಗೇ ಹೋಗುತ್ತದೆ. ಬಲಬದಿಯಿಂದ ಬ್ಯಾಕ್‌ಸ್ಪೇಸ್ ಒತ್ತಿದರೆ ಈಕಾರ ಮಾತ್ರ ಹೋಗಿ ‘ಸ್ತ್ರ’ ಉಳಿಯುತ್ತದೆ. ಆದ್ದರಿಂದ ದೀರ್ಘವೋ ಒತ್ತೋ ತಪ್ಪಿದ್ದರೆ ಅಕ್ಷರವನ್ನು ಪೂರ್ತಿ ಅಳಿಸಿ ಮತ್ತೆ ಬರೆಯಬೇಕಾಗಿಲ್ಲ, ಅಕ್ಷರದ ಬಲಬದಿಗೆ ನಿಂತು ಬೇಕಾದಷ್ಟನ್ನೇ ಬ್ಯಾಕ್‌ಸ್ಪೇಸಿನಿಂದ ಕಳಚಬಹುದು. ಇಡೀ ಪದವೇ ಬೇಡವಾದರೆ ಕಂಟ್ರೋಲ್+ಬ್ಯಾಕ್‌ಸ್ಪೇಸ್ ಇದೆ. ಭಾಷೆ ಬದಲಿಸಲು ನಾನು ಬಳಸುವುದು ವಿಂಡೋಸ್+ಸ್ಪೇಸ್, ಅಂದರೆ ವಿಂಡೋಸ್ ಗುರುತಿರುವ ಕೀಲಿಯೊಡನೆ ಸ್ಪೇಸ್. ತೆರೆಯ ಮೂಲೆಯಲ್ಲಿರುವ ಭಾಷೆಯ ಗುರುತನ್ನು ಮೌಸ್‌ನಿಂದ ಒತ್ತುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ಹಂತದಲ್ಲಿ ರೂಢಿಸಿಕೊಂಡದ್ದು ವಿಂಡೋಸ್+ವಿ. ಕಂಟ್ರೋಲ್+ವಿ ಕೊನೆಯದಾಗಿ ನಕಲು ಮಾಡಿದ್ದನ್ನಷ್ಟೇ ಅಂಟಿಸುತ್ತದೆ. 2018ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಈ ಸೌಲಭ್ಯವಾದರೋ ಈಚೆಗೆ ನಕಲು ಮಾಡಿದ 25ರವರೆಗಿನ ತುಣುಕುಗಳನ್ನು ಇಟ್ಟುಕೊಂಡು, ಬೇಕಾದದ್ದನ್ನು ಆರಿಸಲು ಬಿಡುತ್ತದೆ. ಮೊದಲ ಸಲ ಒತ್ತಿದಾಗ ಇದನ್ನು ಚಾಲೂ ಮಾಡಬೇಕೇ ಎಂದು ಕೇಳುತ್ತದೆ, ಒಪ್ಪಿಗೆ ಕೊಟ್ಟರಾಯಿತು. ಒಂದು ವರದಿಯ ನಾಲ್ಕು ಕಡೆಯಿಂದ ವಾಕ್ಯಗಳನ್ನು ಹೆಕ್ಕಿ ಇನ್ನೊಂದಕ್ಕೆ ಸೇರಿಸುವಾಗ ಎರಡು ಕಿಟಕಿಗಳ ನಡುವೆ ಓಡಾಡುವ ಬದಲು ನಾಲ್ಕನ್ನೂ ನಕಲು ಮಾಡಿಕೊಂಡು ಒಮ್ಮೆಯೇ ಬರುತ್ತೇನೆ. ಪದೇ ಪದೇ ಬೇಕಾಗುವ ವಿಳಾಸದಂಥವನ್ನು ಪಿನ್ ಮಾಡಿದರೆ ಕಂಪ್ಯೂಟರ್ ಮರುಚಾಲನೆಯಾದ ಮೇಲೂ ಅವು ಉಳಿಯುತ್ತವೆ. ನಕಲು ಮಾಡಿದ ಪಾಸ್‌ವರ್ಡ್ ಕೂಡ ಆ ಪಟ್ಟಿಯಲ್ಲಿ ಕಾಣಿಸಬಹುದು ಎಂಬುದು ನೆನಪಿರಲಿ. ಹಲವರು ಬಳಸುವ ಕಂಪ್ಯೂಟರಿನಲ್ಲಿ ಇದನ್ನು ಚಾಲೂ ಮಾಡದಿರುವುದೇ ಕ್ಷೇಮ. ಇದರ ಜೊತೆಗಾರ ಕಂಟ್ರೋಲ್+ಶಿಫ್ಟ್+ವಿ. ಬೇರೆಡೆಯಿಂದ ತಂದ ಪಠ್ಯ ತನ್ನ ಬಣ್ಣ, ಗಾತ್ರಗಳನ್ನೆಲ್ಲ ಹೊತ್ತು ಬಂದು ಪುಟದ ಅಂದಗೆಡಿಸುವುದನ್ನು ಇದು ತಪ್ಪಿಸುತ್ತದೆ. ಬ್ರೌಸರ್‌ಗಳಲ್ಲೂ ವರ್ಡ್‌ನ ಈಚಿನ ಆವೃತ್ತಿಗಳಲ್ಲೂ ಇದು ಕೆಲಸ ಮಾಡುತ್ತದೆ.

ಕಿಟಕಿಗಳ ವಿಚಾರದಲ್ಲಿ, ಒಂದರಿಂದ ಇನ್ನೊಂದಕ್ಕೆ ಹೋಗುವ ಆಲ್ಟ್+ಟ್ಯಾಬ್ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ಟಾಸ್ಕ್‌ಬಾರಿನಲ್ಲಿ ಎಡದಿಂದ ಮೂರನೆಯದಾಗಿ ಬ್ರೌಸರ್ ಇದ್ದರೆ ವಿಂಡೋಸ್+3 ಒತ್ತಿ ನೇರವಾಗಿ ಅಲ್ಲಿಗೆ ಹೋಗಬಹುದು ಎಂಬುದು ಅಷ್ಟಾಗಿ ಬಳಕೆಯಲ್ಲಿಲ್ಲ, ನನಗೆ ಮಾತ್ರ ಅದೇ ಹೆಚ್ಚು ಇಷ್ಟ. ಬ್ರೌಸರಿನಲ್ಲಿ ಕೈತಪ್ಪಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್+ಶಿಫ್ಟ್+ಟಿ ಮತ್ತೆ ತೆರೆಯುತ್ತದೆ. ಫೋಲ್ಡರಿನಲ್ಲಿ ಒಂದಾದ ಮೇಲೊಂದು ಫೈಲಿನ ಹೆಸರು ಬದಲಿಸಬೇಕಾದಾಗ ಎಫ್2 ಒತ್ತಿ ಮೊದಲನೆಯ ಹೆಸರನ್ನು ಬರೆದು, ಎಂಟರ್ ಬದಲು ಟ್ಯಾಬ್ ಒತ್ತಿದರೆ ಮುಂದಿನ ಫೈಲಿನ ಹೆಸರು ತಾನಾಗಿ ತಿದ್ದಲು ತೆರೆದುಕೊಳ್ಳುತ್ತದೆ. ವರ್ಡ್‌ನಲ್ಲಿ ನಿನ್ನೆಯ ಕಡತವನ್ನು ತೆರೆದೊಡನೆ ಶಿಫ್ಟ್+ಎಫ್5 ಒತ್ತಿದರೆ ಕೆಲಸ ನಿಲ್ಲಿಸಿದ್ದ ಜಾಗಕ್ಕೆ ಕರ್ಸರ್ ಹೋಗುತ್ತದೆ.

ಎಕ್ಸೆಲ್‌ನಲ್ಲಿ ಕಂಟ್ರೋಲ್+ಕೆಳಬಾಣ ದತ್ತಾಂಶದ ಕೊನೆಯ ಕೋಶಕ್ಕೆ ಹಾರಿಸುತ್ತದೆ, ನಡುವೆ ಖಾಲಿ ಕೋಶ ಸಿಕ್ಕರೆ ಅದರ ಮೇಲಿನ ಕೋಶದಲ್ಲೇ ನಿಲ್ಲುತ್ತದೆ. ಮೊದಮೊದಲು ಇದು ಅಡ್ಡಿಯೆನಿಸಿತು. ಈಗ ಉದ್ದನೆಯ ಪಟ್ಟಿಯಲ್ಲಿ ತುಂಬದೆ ಬಿಟ್ಟ ಜಾಗಗಳನ್ನು ಪತ್ತೆಹಚ್ಚಲು ಇದನ್ನೇ ಬಳಸುತ್ತೇನೆ. ಹಲವು ಕೋಶಗಳನ್ನು ಆರಿಸಿ, ಬೇಕಾದದ್ದನ್ನು ಬರೆದು, ಕಂಟ್ರೋಲ್+ಎಂಟರ್ ಒತ್ತಿದರೆ ಎಲ್ಲದರಲ್ಲೂ ಅದೇ ತುಂಬುತ್ತದೆ. ಇನ್ನುಳಿದ ಆಜ್ಞೆಗಳನ್ನು ನಾನು ಬಾಯಿಪಾಠ ಮಾಡಿಲ್ಲ. ಆಫೀಸ್ ತಂತ್ರಾಂಶಗಳಲ್ಲಿ ಆಲ್ಟ್ ಒತ್ತಿ ಬಿಟ್ಟರೆ ಮೇಲಿನ ಪಟ್ಟಿಯ ಒಂದೊಂದು ಆಯ್ಕೆಯ ಮೇಲೂ ಒಂದೊಂದು ಅಕ್ಷರ ಮೂಡುತ್ತದೆ. ಅದನ್ನು ನೋಡಿಕೊಂಡು ಒತ್ತುತ್ತಾ ಹೋದರಾಯಿತು. ಆಲ್ಟ್ ಆದ ಮೇಲೆ ಎಚ್, ಓ, ಐ ಎಂದು ಒಂದೊಂದಾಗಿ ಒತ್ತಿದರೆ ಕಂಬಸಾಲಿನ ಅಗಲ ಒಳಗಿನ ಪಠ್ಯಕ್ಕೆ ತಕ್ಕಂತೆ ಹೊಂದಿಕೊಳ್ಳುವುದು ಹೀಗೆ ಕಣ್ಣಿನ ಮೂಲಕ ಬೆರಳಿಗೆ ಇಳಿದದ್ದೇ ಹೊರತು ಕಂಠಪಾಠದಿಂದ ಬಂದದ್ದಲ್ಲ.

ಮ್ಯಾಕ್ ಬಳಸುವವರಿಗೆ ನಕಲು, ಅಂಟಿಸುವಿಕೆಗಳಲ್ಲಿ ಕಂಟ್ರೋಲ್ ಬದಲು ಕಮ್ಯಾಂಡ್ ಬರುತ್ತದೆ, ಪದ ದಾಟಲು ಆಪ್ಷನ್+ಬಾಣ. ಲ್ಯಾಪ್‌ಟಾಪಿನಲ್ಲಿ ಎಫ್2 ಒತ್ತಿದಾಗ ಹೆಸರು ಬದಲಾಗದೆ ಧ್ವನಿಯೋ ಬೆಳಕೋ ಏರಿಳಿದರೆ ಎಫ್‌ಎನ್ ಕೀಲಿಯನ್ನೂ ಒಟ್ಟಿಗೆ ಒತ್ತಬೇಕು.

ಬೇಕೆಂದೇ ರೂಢಿಸಿಕೊಳ್ಳದ ಕೀಲಿಯೂ ಒಂದಿದೆ, ಶಿಫ್ಟ್+ಡಿಲೀಟ್. ಇದು ಫೈಲನ್ನು ರಿಸೈಕಲ್ ಬಿನ್‌ಗೆ ಕಳಿಸದೆ ನೇರವಾಗಿ ಅಳಿಸುತ್ತದೆ. ಬೆರಳಿಗೆ ಒಗ್ಗಿದ ಕೀಲಿಯನ್ನು ಯೋಚಿಸಿ ಒತ್ತುವುದಿಲ್ಲವಾದ್ದರಿಂದ, ನಡುವೆ ಕೇಳುವ ಖಚಿತಪಡಿಸುವ ಪ್ರಶ್ನೆಗೂ ಅದೇ ರಭಸದಲ್ಲಿ ಎಂಟರ್ ಬಿದ್ದುಬಿಡುತ್ತದೆ. ಫೈಲ್ ಅಳಿಸುವ ಕೆಲಸವನ್ನು ನಾನು ಇವತ್ತಿಗೂ ಮೌಸ್ ಹಿಡಿದು, ಹೆಸರು ಓದಿಯೇ ಮಾಡುತ್ತೇನೆ.